ಬೀಗ ಜಡಿದ ಮಹಾದ್ವಾರ

ಕಿವುಡರ ಉನ್ನತ ಶಿಕ್ಷಣಕ್ಕೆಂದೇ 1864ರಲ್ಲಿ ಅಬ್ರಹಾಂ ಲಿಂಕನ್ನನ ಅಂಕಿತದಿಂದ ಪದವಿ ನೀಡುವ ಅಧಿಕಾರವನ್ನು ಪಡೆದ ವಾಷಿಂಗ್ಟನ್ನಿನ ಗ್ಯಾಲಡೆಟ್ ವಿದ್ಯಾಸಂಸ್ಥೆಯು 124 ವರ್ಷಗಳ ಪರ್ಯಂತ ಕಿವಿ ಕೇಳುವವರನ್ನೇ ತನ್ನ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿಕೊಂಡು ಬಂದಿತ್ತು. 1988ರ ಮಾರ್ಚ್ 6ರಂದು, ಅಂತಿಮವಾಗಿ ಉಳಿದ ಮೂವರಲ್ಲಿ ಇಬ್ಬರು ಕಿವುಡರೇ ಆಗಿದ್ದರೂ ಅವರನ್ನು ಬದಿಗಿರಿಸಿ, ಸನ್ನೆಯ ಭಾಷೆಯನ್ನೇ ಅರಿಯದ ಎಲಿಜಬೆತ್ ಜಿನ್ಸರ್ ಎಂಬ ಮಹಿಳೆಯನ್ನು ಆಡಳಿತ ಮಂಡಳಿಯು ಆರಿಸಲಾಗಿ, ವಿದ್ಯಾರ್ಥಿಗಳು ಮರುದಿನ ಮಹಾದ್ವಾರಗಳಿಗೆ ಬೀಗ ಜಡಿದು, ಕಾರುಗಳನ್ನು ಅಡ್ಡ ನಿಲ್ಲಿಸಿ, ಚಕ್ರಗಳ ಗಾಳಿಯನ್ನೂ ತೆಗೆದುಬಿಟ್ಟರು.

ಹೆಗ್ಗೋಡಿನಲ್ಲಿ ಈ ವಾರ್ತೆಯನ್ನೋದಿದ ನನಗೆ ಇಂದಿಗೂ ನೆನಪಿರುವುದು, ಅಡಕೆಯ ಕೊಯ್ಲು ಮುಗಿದು ಹರಟೆಗೆ ಬಿಡುವಾಗಿದ್ದ ಆ ದಿನಗಳಲ್ಲಿ ಗೆಳೆಯರೊಬ್ಬರು ಎತ್ತಿದ ಸಂದೇಹ: ಕಿವುಡರು ಘೋಷಣೆ ಕೂಗುವುದೆಂತು? ಉತ್ತರವನ್ನು ಆ ಹುಡುಗರೇ ಕೊಟ್ಟಿದ್ದರು. ಮಂಡಳಿಯ ಅಧ್ಯಕ್ಷೆ ಜೇನ್ ಸ್ಪಿಲ್ಮನ್ ಸಭೆಯಲ್ಲಿ ಮಾತನಾಡಲು ನಿಂತಾಗ ಬೆಂಕಿಯ ಎಚ್ಚರಿಕೆ ಗಂಟೆ ಮೊಳಗತೊಡಗಿತು. ಆ ಗದ್ದಲದಿಂದ ತೊಂದರೆಗೊಳಗಾದವರು ಮಾತನ್ನೇ ನೆಚ್ಚಿದ್ದವರು ಮಾತ್ರ. ಪ್ರತಿಭಟನೆಯ ಇತಿಹಾಸದಲ್ಲಿ ಇಷ್ಟು ಸೊಗಸಾದ ಪರಿಹಾಸ ವಿರಳವೆಂದೇ ನನ್ನ ಮತ.

ಜಿನ್ಸರ್ ಮಾರ್ಚ್ 10ರಂದು ರಾಜೀನಾಮೆ ಇತ್ತರು. 13ರಂದು ಸ್ಪಿಲ್ಮನ್ನರೂ ಪದತ್ಯಾಗ ಮಾಡಿ, ಐ. ಕಿಂಗ್ ಜೋರ್ಡನ್ ಪ್ರಥಮ ಕಿವುಡ ಅಧ್ಯಕ್ಷರಾದರು. ಮಂಡಳಿಯಲ್ಲಿ ಕಿವುಡರದೇ ಬಹುಮತವಿರಬೇಕು, ಯಾರ ಮೇಲೂ ಹಗೆ ಸಾಧಿಸಕೂಡದು ಎಂಬ ಬೇಡಿಕೆಗಳೂ ಸಂದವು. ಆ ವಿದ್ಯಾರ್ಥಿಗಳು ಯಾಚಿಸಿದ್ದು ಅನುಕಂಪವನ್ನಲ್ಲ, ಆಡಳಿತವನ್ನು. ಪೇಟೆಯವರು ಬಂದು ಕಲೆಯನ್ನು ಕರುಣಿಸಿಯಾರೆಂದು ಕಾಯದೆ 1949ರಲ್ಲಿ ನೀನಾಸಂ ಎಂಬ ನಾಟಕ ಸಂಘವನ್ನು ತಾವೇ ಕಟ್ಟಿಕೊಂಡ ಈ ಊರಿನವರಿಗೆ ಆ ಹಠದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ರಂಗಭೂಮಿಯವರಾದ ನಮ್ಮಲ್ಲೊಂದು ಭ್ರಮೆಯುಂಟು. ನಾಟ್ಯಶಾಸ್ತ್ರವು ಒಂಟಿ ಕೈಯ 24 ಹಸ್ತಗಳನ್ನೂ ಜೋಡಿ ಕೈಯ 13 ಹಸ್ತಗಳನ್ನೂ ವಿವರಿಸಿರುವುದರಿಂದ, ಕಿವುಡರ ಸನ್ನೆಯೂ ಅಂತಹುದೇ ಒಂದು ಅಭಿನಯವೆಂದು ನಾವು ಬಗೆಯುತ್ತೇವೆ. ಅದು ಅಭಿನಯವಲ್ಲ, ಸ್ವಂತ ವ್ಯಾಕರಣವುಳ್ಳ ಭಾಷೆಯೆಂಬುದನ್ನು ಅದೇ ಗ್ಯಾಲಡೆಟ್ಟಿನ ಅಧ್ಯಾಪಕ ವಿಲಿಯಂ ಸ್ಟೋಕಿ 1960ರಲ್ಲೇ ನಿರೂಪಿಸಿದ್ದರು (ಅವರು ಕಿವಿ ಕೇಳುವವರೇ ಎಂಬುದನ್ನೂ ಹೇಳುವುದು ನ್ಯಾಯ). 1880ರ ಮಿಲಾನ್ ಸಮ್ಮೇಳನದಲ್ಲಿ ಶಿಕ್ಷಕರು ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿದ ತರುವಾಯ ಎಷ್ಟೋ ಶಾಲೆಗಳಲ್ಲಿ ಸನ್ನೆಯು ನಿಷಿದ್ಧವಾಗಿತ್ತಷ್ಟೆ.

ನಮ್ಮ ದೇಶದಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆಗೆ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪಿತವಾದುದು 2015ರಲ್ಲಿ. ಸನ್ನೆ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ವಿಧಿಸಿತು. ಕಾಯಿದೆ ತನ್ನ ಕೆಲಸವನ್ನು ಮಾಡಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ನಾಟಕವನ್ನೋ ಯಕ್ಷಗಾನವನ್ನೋ ಏರ್ಪಡಿಸುವ ಮಹನೀಯರು ಕಿವುಡರಿಗೆ ಮುಂದಿನ ಸಾಲಿನ ಕುರ್ಚಿಯನ್ನಿತ್ತು ಕೃತಾರ್ಥರಾಗದೆ, ವ್ಯವಸ್ಥಾಪಕ ಸಮಿತಿಯಲ್ಲಿಯೂ ಅವರಿಗೊಂದು ಸ್ಥಾನವನ್ನು ಕೊಟ್ಟು, ಸನ್ನೆ ಬಲ್ಲ ದುಭಾಷಿಯೊಬ್ಬರನ್ನು ರಂಗದ ಪಕ್ಕದಲ್ಲಿ, ಬೆಳಕು ಬೀಳುವಂತೆ, ನಿಲ್ಲಿಸಬೇಕೆಂದು ವಿನಂತಿ.