ಪ್ರವಾಸದ ಚಿತ್ರಗಳನ್ನು ಕಾಪಾಡುವ ಬಗೆ

ಓಬಳಾಪುರದಿಂದ ಹಂಪೆಗೋ ಲೇಪಾಕ್ಷಿಗೋ ಪ್ರವಾಸ ಹೊರಟಾಗ ನಾವು ತೆಗೆಯುವ ಚಿತ್ರಗಳೆಲ್ಲವೂ ಒಂದೇ ಫೋನಿನಲ್ಲೋ ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲೋ ಅಡಕವಾಗಿರುತ್ತವೆ. ಅದು ಕಳೆದರೆ ಅಷ್ಟೂ ಹೋದಂತೆಯೇ ಸರಿ. ಆದುದರಿಂದ ಪ್ರತಿ ರಾತ್ರಿಯೂ ತಂಗಿದೆಡೆಯಲ್ಲಿ ಅವುಗಳ ಪ್ರತಿಯನ್ನು ಬೇರೊಂದು ಸಾಧನಕ್ಕೆ ಇಳಿಸಿಕೊಳ್ಳುವುದು ಲೇಸು.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಿರುವುದರಿಂದ ಅದು ಬಿದ್ದರೆ ಕೆಡುವ ಭಯವುಂಟು. ಪೆನ್ ಡ್ರೈವಿನಲ್ಲಿ ಚಲಿಸುವ ಭಾಗಗಳಿಲ್ಲ. ಫೋನಿಗೇ ಜೋಡಿಸಬಹುದಾದ ಬಗೆಯದಾದರೆ ಕಂಪ್ಯೂಟರೂ ಬೇಕಿಲ್ಲ. ಚಿತ್ರವೊಂದು 5 ಎಂ.ಬಿ. ಗಾತ್ರದ್ದಾದರೆ 64 ಜಿ.ಬಿ. ಪೆನ್ ಡ್ರೈವಿನಲ್ಲಿ ಸುಮಾರು 12,000 ಚಿತ್ರಗಳು ಹಿಡಿಯುತ್ತವೆ.

ಪ್ರತಿಯನ್ನು ತೆರೆದು ನೋಡದೆ ಮೂಲವನ್ನು ಅಳಿಸಬಾರದು; ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು. ಲೇಪಾಕ್ಷಿಯ ಮೇಲ್ಛಾವಣಿಯ ವರ್ಣಚಿತ್ರಗಳನ್ನು ಮತ್ತೊಮ್ಮೆ ಹೋಗಿ ತೆಗೆಯಬಹುದು. ಸಹಪಾಠಿಗಳೆಲ್ಲರೂ ಒಟ್ಟಾಗಿ ನಿಂತ ದಿನವು ಮರಳಿ ಬಾರದು.