ತೆನೆ ಒಡೆಯುವ ಮೊದಲೇ ರಾಗಿಯ ಆಯ್ಕೆ

ರಾಗಿಯ ಹೂವು ತೀರಾ ಸಣ್ಣದು. ಬಹುಪಾಲು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವುದು ಹೆಣಗಾಟದ ಕೆಲಸ. ಎರಡು ತೆನೆಗಳನ್ನು ಒತ್ತಾಗಿ ಕಟ್ಟುತ್ತಾರೆ, ಇಲ್ಲವೇ ತಾಯಿ ತೆನೆಯನ್ನು ಬಿಸಿನೀರಿಗೆ ಅದ್ದಿ ಅದರ ಪರಾಗವನ್ನು ಸಾಯಿಸುತ್ತಾರೆ. ಇಷ್ಟಾದರೂ ಹುಟ್ಟಿದ ಸಸಿಗಳಲ್ಲಿ ನಿಜವಾದ ಬೆರಕೆ ಕೆಲವೇ. ಅವನ್ನು ಹೆಕ್ಕಲು ಬಣ್ಣ ನೆರವಾಗುತ್ತದೆ. ಹಸಿರು ಗಿಣ್ಣಿನ ತಾಯಿಗೆ ನೇರಳೆ ಗಿಣ್ಣಿನ ತಂದೆಯನ್ನು ಕೂಡಿಸಿದರೆ, ನೇರಳೆ ಪ್ರಬಲ ಗುಣವಾದ್ದರಿಂದ, ಗಿಣ್ಣು ನೇರಳೆಯಾದ ಸಸಿಯೇ ಬೆರಕೆ. ಕಣ್ಣಿಗೆ ಕಾಣುವ ಮಾರ್ಕರ್ ಎಂದರೆ ಇದೇ.

ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹೆಸರಲ್ಲೇ ಎರಡೂ ತವರುಗಳಿವೆ. ಅಂದಿನ ಆಯ್ಕೆ ಕಣ್ಣು ಮತ್ತು ತಕ್ಕಡಿಯನ್ನು ನಂಬಿತ್ತು. ಆದರೆ ಬೆಂಕಿರೋಗ ತಾಳುವ ಗಿಡ ಯಾವುದೆಂದು ತಿಳಿಯಲು ರೋಗ ಬರಬೇಕು, ಬರ ತಾಳುವುದು ತಿಳಿಯಲು ಮಳೆ ಕೈಕೊಡಬೇಕು.

ಡಿಎನ್‌ಎ ಮಾರ್ಕರ್ ಈ ಕಾಯುವಿಕೆಯನ್ನು ತಪ್ಪಿಸುತ್ತದೆ. ಬೇಕಾದ ವಂಶವಾಹಿಯ ಮಗ್ಗುಲಲ್ಲೇ ಇದ್ದು ಅದರ ಜೊತೆಗೇ ಮರಿಗೆ ಸಾಗುವ ಡಿಎನ್‌ಎ ತುಣುಕು ಅದು. ಎಳೆಯ ಸಸಿಯ ಚೂರು ಎಲೆ ಸಾಕು, ಪರೀಕ್ಷೆ ಮುಗಿಯುತ್ತದೆ.

ರಾಗಿಯಲ್ಲಿ ಇಂಥ ತುಣುಕುಗಳ ಹುಡುಕಾಟ ಸುಲಭವಲ್ಲ. ಅದರ 36 ವರ್ಣತಂತುಗಳು ಎರಡು ಹುಲ್ಲುಗಳಿಂದ ಬಂದವು. ಒಂದು ಎಲ್ಯುಸಿನ್ ಇಂಡಿಕಾ. ಬೆಂಗಳೂರಿನ ಅತ್ತಿಗುಪ್ಪೆಯಂಥ ಬಡಾವಣೆಯ ಖಾಲಿ ಸೈಟಿನಲ್ಲೂ ಕಳೆಯಾಗಿ ಬೆಳೆಯಬಲ್ಲ ಹುಲ್ಲು. ಇನ್ನೊಂದರ ಗುರುತು ಇನ್ನೂ ಸಿಕ್ಕಿಲ್ಲ. ಎರಡರ ವಂಶವಾಹಿಗಳೂ ಅಕ್ಕತಂಗಿಯರಂತೆ ಹೋಲುವುದರಿಂದ ಯಾವುದು ಯಾರದೆಂದು ಬಿಡಿಸುವುದೇ ತಲೆನೋವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹದ, ಕರಡನ್ನು ಪ್ರಕಟಿಸಿತು: ಸುಮಾರು 120 ಕೋಟಿ ಅಕ್ಷರ, 85,243 ವಂಶವಾಹಿ.

ಒಂದೆರಡು ವಂಶವಾಹಿಗಳ ಹಿಡಿತದಲ್ಲಿರುವ ಗುಣಕ್ಕೆ ಮಾರ್ಕರ್ ಸರಿ. ಇಳುವರಿ ಹಾಗಲ್ಲ, ಅಲ್ಲಿ ನೂರಾರು ವಂಶವಾಹಿಗಳದು ಹನಿಹನಿ ಪಾಲು. ಜೀನೋಮಿಕ್ ಆಯ್ಕೆ ಹುಟ್ಟಿದ್ದು ಇದಕ್ಕಾಗಿ. 2001ರಲ್ಲಿ ಈ ವಿಧಾನವನ್ನು ಮುಂದಿಟ್ಟವರು ಪಶುತಳಿ ವಿಜ್ಞಾನಿಗಳು. ಹೋರಿ ಹಾಲು ಕೊಡುವುದಿಲ್ಲ, ಅದರ ಬೆಲೆ ತಿಳಿಯಲು ಹೆಣ್ಣುಮಕ್ಕಳು ಕರು ಹಾಕುವವರೆಗೆ ಕಾಯಬೇಕಿತ್ತು! ಬೆಳೆಯಲ್ಲಾದರೆ ಮೊದಲು ಕೆಲವು ನೂರು ತಳಿಸಾಲುಗಳನ್ನು ಹೊಲದಲ್ಲಿ ಬೆಳೆದು ತೂಗಿ, ಅವುಗಳ ಡಿಎನ್‌ಎಯನ್ನೂ ಓದುತ್ತಾರೆ. ಯಾವ ತುಣುಕಿಗೆ ಎಷ್ಟು ಅಂಕ ಎಂದು ಗಣಕ ಲೆಕ್ಕ ಹಾಕುತ್ತದೆ. ಹೊಸ ಸಸಿಯ ಎಲ್ಲ ತುಣುಕುಗಳ ಅಂಕ ಕೂಡಿದರೆ ಅದರ ಅಂದಾಜು ಬೆಲೆ ಸಿಗುತ್ತದೆ. ಉತ್ತರ ಭಾರತದ ಉಪವಾಸದಡುಗೆಯ ಕುಟ್ಟು (ಬಕ್‌ವೀಟ್) ಧಾನ್ಯದಲ್ಲಿ ಜಪಾನಿನ ವಿಜ್ಞಾನಿಗಳು ಈ ಪ್ರಯೋಗ ನಡೆಸಿದ್ದಾರೆ. ಕುಟ್ಟು ಪರಪರಾಗದ ಬೆಳೆ; ಪ್ರತಿ ಪೀಳಿಗೆಯಲ್ಲೂ ಬೆರಕೆ ತಾನಾಗಿಯೇ ನಡೆಯುತ್ತದೆ. ರಾಗಿಗೆ ಆ ಅನುಕೂಲವಿಲ್ಲ, ಪ್ರತಿ ಬೆರಕೆಗೂ ಮತ್ತೆ ತೆನೆ ಕಟ್ಟಬೇಕು, ಬಿಸಿನೀರು ಕಾಯಿಸಬೇಕು.

ಅಂಕಗಳೂ ಎಲ್ಲೆಡೆ ಸಲ್ಲುವುದಿಲ್ಲ. ಮಂಡ್ಯದ ನೀರಾವರಿ ಗದ್ದೆಯಲ್ಲಿ ಕಟ್ಟಿದ ಲೆಕ್ಕ ಪಾವಗಡದ ಖುಷ್ಕಿ ಹೊಲದಲ್ಲಿ ತಪ್ಪಬಹುದು. ಆದ್ದರಿಂದ ಗಣಕ ಆರಿಸಿದ ಸಾಲುಗಳೂ ಬಿಡುಗಡೆಗೆ ಮುನ್ನ ಹಲವು ಊರಿನ ಹೊಲಗಳಲ್ಲಿ, ಹಲವು ಮುಂಗಾರು ಬೆಳೆದು ತೂಗಿಸಿಕೊಳ್ಳಬೇಕು.