ಹಿಮಗಿರಿಯ ಪಹರೆಯವರು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ದೂರದ ಶೀತದೇಶಗಳಲ್ಲಿ ಸಂಸಾರ ಹೂಡಿರುವರು. ಅವರು ಕಳುಹಿಸುವ ಚಿತ್ರಗಳಲ್ಲಿ, ಬೆನ್ನಿನ ಮೇಲೆ ಬಿಳಿಯ ಶಿಲುಬೆಯ ಗುರುತುಳ್ಳ ಕೆಂಪಂಗಿಯನ್ನು ತೊಟ್ಟು ಹಿಮದ ಮೇಲೆ ನಿಂತಿರುವವರನ್ನು ಕಂಡು, ನಮ್ಮ ಮೇಲ್ತರಗತಿಯ ಹುಡುಗಿಯರು ‘ಇವರು ಯಾವ ಮಿಶನ್ನಿನವರು?’ ಎಂದು ಕೇಳಿದುದುಂಟು. ಇವರು ಯಾವ ಮಿಶನ್ನಿಗೂ ಸೇರಿದವರಲ್ಲ. ಆ ಗುರುತು ಇಲ್ಲಿ ಮತದ ಚಿಹ್ನೆಯೂ ಅಲ್ಲ. ಗಾಯಪಟ್ಟವನಿಗೆ ಇವರಿಂದ ನೆರವು ದೊರೆಯುವುದೆಂದು ದೂರದಿಂದಲೇ ತಿಳಿಸುವ ಗುರುತು. ಇವರಿಗೆ ಸ್ಕೀ ಪಟ್ರೋಲ್, ಎಂದರೆ ಸ್ಕೀ ಪಹರೆಯವರು ಎಂದು ಹೆಸರು.

ಸ್ಕೀ ಎಂಬುದು ಪಾದರಕ್ಷೆಗೆ ಬಿಗಿಯುವ ಉದ್ದವಾದ ಜಾರುಹಲಗೆ. ಅದನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ವೇಗವಾಗಿ ಇಳಿಯುವುದು ಆ ದೇಶಗಳವರಿಗೆ ಬಹು ಪ್ರಿಯವಾದ ಆಟ. ಪರ್ವತದ ವಿಹಾರಸ್ಥಾನಗಳಲ್ಲಿ ತಂತಿಯ ಮೇಲೆ ತೂಗುವ ಕುರ್ಚಿಗಳು ಜನರನ್ನು ಮೇಲಕ್ಕೊಯ್ಯುವವು. ಅವರು ಜಾರುತ್ತಾ ಕೆಳಗಿಳಿಯುವರು. ಇಂಥ ಸ್ಥಳಗಳಲ್ಲಿ ಎಲುಬು ಮುರಿಯುವುದು, ದಾರಿ ತಪ್ಪುವುದು, ಹಿಮ ಕುಸಿಯುವುದು ಅಪರೂಪವಲ್ಲ.

ಅಮೇರಿಕದ ಪಹರೆಯ ದಳವು ಹುಟ್ಟಿದ ಬಗೆಯನ್ನು ಇಲ್ಲಿ ಹೇಳಬೇಕು. ನ್ಯೂಯಾರ್ಕಿನಲ್ಲಿ ವಿಮೆಯ ವ್ಯವಹಾರ ನಡಿಸುತ್ತಿದ್ದ ಮೈನಟ್ ಡೋಲ್ ಎಂಬವರು 1936ರಲ್ಲಿ ವರ್ಮಾಂಟ್ ಪ್ರಾಂತದ ಸ್ಟೋ ಎಂಬಲ್ಲಿ ಜಾರುವಾಗ ಬಿದ್ದು ಹರಡನ್ನು ಮುರಿದುಕೊಂಡರು. ಗಾಯಾಳುವನ್ನು ಇಳಿಸುವ ಏರ್ಪಾಡು ಆ ಬೆಟ್ಟದಲ್ಲಿ ಯಾವುದೂ ಇರಲಿಲ್ಲ. ಸ್ನೇಹಿತರು ಮಾಡಿನ ತಗಡೊಂದನ್ನು ತಂದು ಅದರ ಮೇಲೆ ಅವರನ್ನು ಮಲಗಿಸಿ ಎಳೆದುಕೊಂಡು ಬಂದರು. ಅದೇ ವರ್ಷ ಅವರ ಸ್ನೇಹಿತರಾದ ಫ್ರಾಂಕ್ ಎಡ್ಸನ್‌ರವರು ಸ್ಕೀ ಪಂದ್ಯವೊಂದರಲ್ಲಿ ಗಾಯಗೊಂಡು ತೀರಿಕೊಂಡರು. ಈ ಎರಡು ಸಂಗತಿಗಳು ಡೋಲ್‌ರವರನ್ನು ಸುಮ್ಮನಿರಗೊಡಲಿಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್ ಊರಿನ ಪಾರ್ಸೆನ್ ಬೆಟ್ಟದಲ್ಲಿ ಇಂಥ ರಕ್ಷಣೆಯ ವ್ಯವಸ್ಥೆಯು ಆಗಲೇ ನಡೆಯುತ್ತಿತ್ತು. (1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೂಲಸ್ಥಾನವೂ ಆ ದೇಶವೇ ಎಂಬುದು ನಮ್ಮ ವಾಚಕರಿಗೆ ತಿಳಿದದ್ದೇ.) ಅಂಥದೊಂದು ಅಮೇರಿಕದಲ್ಲಿಯೂ ಆಗಬೇಕೆಂದು ಅವರು ದುಡಿದ ಫಲವಾಗಿ 1938ರಲ್ಲಿ ನ್ಯಾಶನಲ್ ಸ್ಕೀ ಪಟ್ರೋಲ್ ಸ್ಥಾಪಿತವಾಯಿತು. ಅದರ ಸದಸ್ಯರಲ್ಲಿ ಬಹುಮಂದಿ ಸಂಬಳವಿಲ್ಲದೆ ಸೇವೆ ಮಾಡುವವರು.

ಡೋಲ್‌ರವರ ಸ್ನೇಹಿತರಲ್ಲಿ ಕನಿಕರಕ್ಕೇನೂ ಕೊರತೆಯಿರಲಿಲ್ಲ. ಇಲ್ಲದಿದ್ದುದು ಶಿಕ್ಷಣ ಮತ್ತು ಸಲಕರಣೆ. ಮುರಿದ ಕಾಲನ್ನು ಕಟ್ಟದೆ ಎಳೆದರೆ ಎಲುಬಿನ ಮೊನೆಯು ಮಾಂಸವನ್ನೂ ರಕ್ತನಾಳವನ್ನೂ ಸೀಳಬಹುದು. ಬೆನ್ನೆಲುಬಿಗೆ ಪೆಟ್ಟಾದವನನ್ನು ಆತುರದಿಂದ ಎತ್ತಿ ಕೂರಿಸಿದರೆ ಅವನು ಜನ್ಮಾಂತ್ಯದ ವರೆಗೆ ನಡೆಯದೆ ಹೋಗಬಹುದು. ‘ಹೆಣ್ಣುಮಕ್ಕಳಿಗೆ ಪ್ರಥಮ ಚಿಕಿತ್ಸೆಯ ಪಾಠವೇಕೆ, ಮಮತೆಯೇ ಸಾಲದೇ?’ ಎಂದು ನಮ್ಮನ್ನು ಕೇಳುವ ತಾಯ್ತಂದೆಗಳು ಈ ಸಂಗತಿಯನ್ನು ಆಲೋಚಿಸಬೇಕೆಂದು ಬೇಡುತ್ತೇವೆ. ಪಹರೆಗೆ ಸೇರುವವರು ಗಾಯವನ್ನು ಪರೀಕ್ಷಿಸುವುದು, ದಬ್ಬೆ ಕಟ್ಟುವುದು, ನಿಂತ ಉಸಿರನ್ನು ನಡಿಸುವುದು ಮೊದಲಾದುವನ್ನು ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕಲಿತದ್ದನ್ನು ಕಾಲಕಾಲಕ್ಕೆ ಮತ್ತೆ ಮಾಡಿ ತೋರಿಸಲೂ ಬೇಕು. ಹೆಂಗಸರೂ ಈ ದಳದಲ್ಲಿ ಇರುವರು. ಅವರು ತೊಡುವುದು ಅದೇ ಅಂಗಿ, ಹಿಡಿಯುವುದು ಅದೇ ಹಿಮಬಂಡಿ.

ದಿನದ ಕೆಲಸವು ಜನರು ಬರುವುದಕ್ಕೆ ಮುಂಚೆಯೇ ಮೊದಲಾಗುವುದು. ಪಹರೆಯವರು ಇಳಿಜಾರುಗಳ ಮೇಲೆ ತಾವೇ ಮೊದಲು ಇಳಿದು, ಹಿಮವು ತೆಳುವಾಗಿ ಬಂಡೆ ಕಾಣುವ ಕಡೆ ಬಿದಿರುಕೋಲುಗಳನ್ನು ನೆಟ್ಟು, ಅಪಾಯವಿರುವ ದಾರಿಗಳಿಗೆ ಅಡ್ಡಹಗ್ಗ ಕಟ್ಟುವರು. ರಾತ್ರಿ ಹೊಸ ಹಿಮ ಬಿದ್ದಿದ್ದರೆ ಕೆಲಸವು ಇನ್ನೂ ಕಠಿಣ. ಕಡಿದಾದ ಮೈಯಲ್ಲಿ ಹಳೆಯ ಹಿಮದ ಮೇಲೆ ಹೊಸ ಹಿಮವು ಸರಿಯಾಗಿ ಅಂಟದೆ ನಿಂತಿರುವಾಗ, ಒಬ್ಬನು ಅದನ್ನು ದಾಟಿದರೂ ಸಾಕು, ಇಡೀ ಪದರವು ಸೀಳಿಕೊಂಡು ಕೆಳಗೆ ನುಗ್ಗುವುದು. ಇದೇ ಹಿಮಕುಸಿತ. ಆದಕಾರಣ ಜನರು ಬರುವ ಮೊದಲೇ ಸಿಡಿಮದ್ದನ್ನು ಹಾಕಿ ಆ ಪದರವನ್ನು ಬೀಳಿಸಿಬಿಡುವರು.

ಅಪಘಾತವಾದ ಸ್ಥಳದಲ್ಲಿ, ಎರಡು ಹಲಗೆಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡಲಾಗಿ ಹಿಮದಲ್ಲಿ ನೆಡುವುದು ವಾಡಿಕೆ. ಅದನ್ನು ಕಂಡವರು ದೂರ ಸರಿದು ಹೋಗಬೇಕು, ಪಹರೆಗೆ ಸುದ್ದಿ ಮುಟ್ಟಿಸಬೇಕು. ಪಹರೆಯವರು ಬಂದು ಗಾಯಾಳುವಿನ ಹೆಸರು ಕೇಳುವರು, ಇಂದು ಯಾವ ವಾರವೆಂದು ಕೇಳುವರು. ಇದು ಸುಮ್ಮನೆ ಆಡುವ ಮಾತಲ್ಲ, ಬುದ್ಧಿ ನೆಟ್ಟಗಿದೆಯೋ ಎಂದು ತಿಳಿಯುವ ಉಪಾಯ. ಬಳಿಕ ದಬ್ಬೆ ಕಟ್ಟಿ, ಕಂಬಳಿ ಹೊದಿಸಿ, ಟೊಬಾಗನ್ ಎಂಬ ಚಕ್ರವಿಲ್ಲದ ಹಿಮಬಂಡಿಯಲ್ಲಿ ಮಲಗಿಸಿ ಬಿಗಿಯುವರು. ಮುಂದಿನ ಹಿಡಿಗಳ ನಡುವೆ ಒಬ್ಬರು ನಿಂತು ನಡಿಸುವರು. ಕಡಿದಾದ ಕಡೆ ಇನ್ನೊಬ್ಬರು ಹಿಂದಿನಿಂದ ಹಗ್ಗವನ್ನು ಬಿಗಿಹಿಡಿಯುವರು. ತನ್ನ ಮೈಯ ತೂಕವನ್ನೂ ಬಂಡಿಯ ತೂಕವನ್ನೂ ಮಂಜುಗಡ್ಡೆಯ ಮೇಲೆ ತಡೆದು, ಮಲಗಿದವನಿಗೆ ಕುಲುಕಾಟವಾಗದಂತೆ ಇಳಿಸುವುದು ಬಹಳ ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ.

ಹಿಮಕುಸಿತದಲ್ಲಿ ಹೂತುಹೋದವರ ವಿಷಯದಲ್ಲಿ ನಿಮಿಷಗಳೇ ಮುಖ್ಯ. ಸುಮಾರು 10–15 ನಿಮಿಷಗಳೊಳಗೆ ಹೊರತೆಗೆದವರಲ್ಲಿ ಬಹುಪಾಲು ಬದುಕುವರು. ಅರ್ಧಗಂಟೆ ಮೀರಿದರೆ ಬದುಕುವವರು ಕೆಲವರೇ. ಯಾಕಂದರೆ ಬಿದ್ದ ಹಿಮವು ಗಾರೆಯಂತೆ ಗಟ್ಟಿಯಾಗಿ ಉಸಿರಿಗೆ ಎಡೆಗೊಡದು. ಹೂತವರ ಮೈಮೇಲೆ ರೇಡಿಯೋ ಅಲೆಗಳನ್ನು ಬೀರುವ ಚಿಕ್ಕ ಯಂತ್ರವಿದ್ದರೆ, ಹುಡುಕುವವರು ತಮ್ಮ ಯಂತ್ರದಿಂದ ಅದರ ಸ್ಥಳವನ್ನು ತಿಳಿದು, ಉದ್ದನೆಯ ಸಲಾಕೆಯಿಂದ ಚುಚ್ಚಿ ನೋಡಿ ಅಗೆಯುವರು. ಪಳಗಿಸಿದ ನಾಯಿಗಳೂ ಈ ಕೆಲಸಕ್ಕುಂಟು.

ಇಷ್ಟೆಲ್ಲವನ್ನೂ ಜನರು ಹೊಗಳುವರು. ಆದರೆ ಪಹರೆಯವರು ಹೆಚ್ಚಾಗಿ ಬೈಗಳನ್ನು ಕೇಳುವುದು ಆ ಅಡ್ಡಹಗ್ಗಕ್ಕಾಗಿ. ಬಹಳ ಹಣ ತೆತ್ತು ದೂರದಿಂದ ಬಂದವರು, ನಿರ್ಮಲವಾದ ಹೊಸ ಹಿಮವನ್ನು ಕಣ್ಣೆದುರಿಗೇ ಕಂಡು, ‘ಇಷ್ಟು ಚೆನ್ನಾಗಿರುವುದನ್ನು ಏಕೆ ಮುಚ್ಚಿದಿರಿ? ಏನೂ ಆಗಿಲ್ಲವಲ್ಲಾ!’ ಎಂದು ಸಿಟ್ಟಾಗುವರು. ಏನೂ ಆಗದಿರಲೆಂದೇ ಹಗ್ಗ ಕಟ್ಟಿದ್ದು. ಆದರೆ ತಪ್ಪಿಸಿದ ಅಪಾಯವನ್ನು ಯಾರಿಗೂ ತೋರಿಸಲಾಗದು. ಮುಚ್ಚಿದ ದಾರಿಗೆ ನುಗ್ಗುವುದು ಕೊಲೊರಾಡೋ ಪ್ರಾಂತದಲ್ಲಿ 1979ರ ಕಾನೂನಿನ ಪ್ರಕಾರ ತಪ್ಪಾಗಿದೆ. ಹಾಗೆ ನುಗ್ಗುವವನು ತನ್ನೊಬ್ಬನ ಜೀವವನ್ನೇ ಅಪಾಯಕ್ಕೊಡ್ಡುವನೆಂದು ತಿಳಿಯಬಾರದು. ಅವನನ್ನು ಹುಡುಕಲು ಅದೇ ಸಡಿಲ ಹಿಮದ ಮೇಲೆ ಬೇರೆ ತಾಯಂದಿರ ಮಕ್ಕಳು ಹೋಗಬೇಕಾಗುವುದು. ಹಾಸ್ಟೆಲಿನ ಗೇಟಿನ ವಿಷಯದಲ್ಲಿ ನಮ್ಮ ಮೇಲೆ ಮುನಿಸಿಕೊಂಡಿದ್ದ ಹಳೆಯ ವಿದ್ಯಾರ್ಥಿನಿಯರು ಇದನ್ನು ಓದಿ ನಗಬಹುದು, ನಗಲಿ.

ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್ಮಾರ್ಗದಲ್ಲಿ ಸ್ಕೀ ಪಹರೆಯುಂಟು. ರಜೆಯಲ್ಲಿ ಅಲ್ಲಿಗೆ ಹೋಗುವ ಕುಟುಂಬಗಳು ಹಗ್ಗದ ಆಚೆಗೆ ಕಾಲಿಡುವ ಮುನ್ನ ಅವರನ್ನು ವಿಚಾರಿಸುವುದು ಒಳ್ಳೆಯದು.

ಸಾಯಂಕಾಲ ಕುರ್ಚಿಗಳು ನಿಂತ ಮೇಲೆ ಕಡೆಯ ಕೆಲಸವೊಂದು ಉಳಿದಿರುವುದು. ಪಹರೆಯವರು ಶಿಖರದಲ್ಲಿ ಕೂಡಿ, ದಾರಿಗಳನ್ನು ಹಂಚಿಕೊಂಡು, ಮೇಲಿನಿಂದ ಕೆಳಕ್ಕೆ ಗುಡಿಸಿದಂತೆ ನಿಧಾನವಾಗಿ ಇಳಿಯುವರು. ಮರಗಳ ಅಂಚು ಬಂದಲ್ಲೆಲ್ಲಾ ನಿಂತು, ಗಟ್ಟಿಯಾಗಿ ಕೂಗಿ, ಉತ್ತರ ಬರುವುದೋ ಎಂದು ಕಿವಿಗೊಡುವರು. ಒಂದೊಂದು ದಾರಿಯೂ ಬರಿದಾಯಿತೆಂದು ಸುದ್ದಿ ಕೆಳಗೆ ಮುಟ್ಟಿದ ತರುವಾಯವೇ ಆ ದಿನಕ್ಕೆ ಬೆಟ್ಟವನ್ನು ಮುಚ್ಚುವರು.